ನಾಲ್ಕು ಹೊಟ್ಟೆಯ ಮಾತು

ಮಗಳಿಗೆ ಆರು ವರ್ಷ ತುಂಬಿದ ವಾರ ಅವಳ ತೂಕ ಹನ್ನೊಂದೂವರೆ ಕಿಲೋ ಇತ್ತು. ತೂಗಿದವನು ನಾನೇ. ನಾನು ಕೆಲಸ ಮಾಡುವುದು ಶಹಾಪುರದ ಕಡೆಯ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ. ಅಲ್ಲಿ ಆಡಿನ ಮರಿಗಳನ್ನು ತೂಗುವ ಕೊಕ್ಕೆಯ ತಕ್ಕಡಿಯೊಂದಿದೆ. ಅದನ್ನು ಮನೆಗೆ ತಂದು ತೊಲೆಗೆ ಕಟ್ಟಿ, ಹೆಂಡತಿಯ ಹಳೆಯ ಸೀರೆಯಲ್ಲಿ ಜೋಲಿ ಮಾಡಿ ಮಗಳನ್ನು ಕೂರಿಸಿದೆ. ಅವಳು ಜೋಕಾಲಿ ಅಂದುಕೊಂಡು ನಕ್ಕಳು. ಮುಳ್ಳು ಹನ್ನೊಂದೂವರೆಯಲ್ಲಿ ನಿಂತಿತು. ಹಿಂದಿನ ವರ್ಷ ತೂಗಿದಾಗಲೂ ಅದು ಅಲ್ಲೇ ನಿಂತಿತ್ತು.

ನಾನು ಡಾಕ್ಟರಲ್ಲ, ಅವರ ಕೈಕೆಳಗಿನವನು. ಆದರೂ ಊರವರು ಡಾಕ್ಟರ್ ಸಾಬ್ ಅನ್ನುತ್ತಾರೆ. ಹದಿನೆಂಟು ವರ್ಷಗಳಿಂದ ಸಗಣಿ ನೋಡುತ್ತ ಬಂದವನು ನಾನು. ಕೊಟ್ಟಿಗೆಗೆ ಹೋದರೆ ಮೊದಲು ದನದ ಮುಖ ನೋಡುವುದಿಲ್ಲ, ಹಿಂದೆ ಬಿದ್ದದ್ದನ್ನು ನೋಡುತ್ತೇನೆ. ಅದು ಗಟ್ಟಿಯೋ ತೆಳುವೋ, ಬಣ್ಣವೇನು, ನೊರೆಯಿದೆಯೋ, ಕಾಳು ಕಾಳಾಗಿಯೇ ಹೊರಬಂದಿದೆಯೋ. ತಿಂದದ್ದರಲ್ಲಿ ಎಷ್ಟು ಒಳಗೆ ಉಳಿಯಿತು, ಎಷ್ಟು ಸುಮ್ಮನೆ ಹಾದುಹೋಯಿತು ಎಂಬುದನ್ನು ಸಗಣಿ ಹೇಳುತ್ತದೆ.

ನಮ್ಮ ಕಡೆ ಇದಕ್ಕೊಂದು ಮಾತಿದೆ: ಮೈಗೆ ಹತ್ತುವುದು. ಉಣ್ಣುವುದು ಬೇರೆ, ಉಂಡದ್ದು ಮೈಗೆ ಹತ್ತುವುದು ಬೇರೆ. ನನ್ನ ಮಗಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಬಾಯಲ್ಲಿ ಹುಣ್ಣು ಮಾಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಜಂತಿನ ಗುಳಿಗೆ ಕೊಟ್ಟೆವು, ಟಾನಿಕ್ ಕೊಟ್ಟೆವು. ಏನೂ ಬದಲಾಗಲಿಲ್ಲ.

ಮೂರೂವರೆ ವರ್ಷದ ತನಕ ಅವಳು ನನ್ನ ಅವ್ವನ ಕೈಯಲ್ಲಿ ಜೋಳದ ರೊಟ್ಟಿ ತಿನ್ನುತ್ತಿದ್ದಳು. ಅವ್ವ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು, ಕಿವುಚಿ, ಸ್ವಲ್ಪ ಬೆಲ್ಲ ಹಾಕಿ ತಿನ್ನಿಸುತ್ತಿದ್ದಳು. ಆಗ ಮಗಳು ಸಣಕಲಿಯಾಗಿದ್ದಳು, ಆದರೆ ಓಡಾಡುತ್ತಿದ್ದಳು. ನಿಲ್ಲಿಸಿದವನು ನಾನು. ಅವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಆಡಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿದೆ.

"ಯವ್ವಾ, ಜ್ವಾಳ ಒರಟು. ದನ ಆದ್ರ ಮೆಲಕ ಹಾಕಿ ಕರಗಿಸ್ತದ. ಅಕಿಗೇನು ನಾಕು ಹೊಟ್ಟಿ ಅದಾವೇನು?"

ಅವ್ವ ತಲೆಯೆತ್ತಲಿಲ್ಲ. "ನನಗ ಎಷ್ಟ್ ಹೊಟ್ಟಿ ಅದಾವೋ ಯಪ್ಪಾ? ಇದ ರೊಟ್ಟಿ ತಿಂದೇ ನಿನ್ನ ಹಡದೇನಿ," ಅಂದಳು. ಹೆಂಡತಿ ನಕ್ಕಳು. ನಾನು ನಗಲಿಲ್ಲ, ವಿವರಿಸಲು ಶುರು ಮಾಡಿದೆ. ಎಮ್ಮೆಯ ದೊಡ್ಡ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಗಳಿರುತ್ತವೆ, ಕಣಿಕೆ ಸೊಪ್ಪೆಯಂಥ ಒಣ ಮೇವನ್ನು ಮುರಿಯುವುದು ಅವು, ಮನುಷ್ಯರ ಹೊಟ್ಟೆಯಲ್ಲಿ ಆ ಏರ್ಪಾಡು ಇಲ್ಲ ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದರಿಂದ ಹೊರಡಿಸಿದ ತೀರ್ಮಾನ ತಪ್ಪಾಗಿತ್ತು: ಮಗುವಿಗೆ ಮೆತ್ತಗಿನದು ಬೇಕು, ಗೋಧಿ ಬೇಕು. ಅವತ್ತಿನಿಂದ ಮುಂಜಾನೆ ಚಪಾತಿ, ಮಧ್ಯಾಹ್ನ ಗೋಧಿ ರವೆಯ ಸಜ್ಜಕ, ಸಂಜೆ ಬಿಸ್ಕೀಟು, ಅಮಾವಾಸ್ಯೆಗೊಮ್ಮೆ ಗೋಧಿ ಹುಗ್ಗಿ. ಎಷ್ಟೋ ದಿನ ನಾನೇ ತುತ್ತು ಮಾಡಿ ಬಾಯಿಗಿಟ್ಟಿದ್ದೇನೆ. ಅವಳು ಮುಖ ತಿರುಗಿಸಿದರೆ ಗಲ್ಲ ಹಿಡಿದು ತಿನ್ನಿಸಿದ್ದೇನೆ.

ಮಗಳು ಐದೂವರೆ ವರ್ಷದವಳಿದ್ದಾಗ ಅವ್ವ, ಇದು ದೃಷ್ಟಿ ತಾಗಿದ್ದೇ ಎಂದು ಹಟ ಹಿಡಿದು ಅವಳನ್ನು ತಿಂಥಣಿಗೆ ಕರೆದೊಯ್ದಳು. ನನ್ನ ತಂಗಿಯನ್ನು ಕೊಟ್ಟದ್ದು ಅಲ್ಲಿಗೇ. ಗುಡಿಗೆ ಹೋಗುವುದು, ಹೊಳೆಯಲ್ಲಿ ಕಾಲು ತೊಳೆಸುವುದು, ತಂಗಿಯ ಮನೆಯಲ್ಲಿ ಉಳಿಯುವುದು. ಹದಿನೈದು ದಿನ ಇದ್ದರು. ತಿರುಗಿ ಬಂದಾಗ ಮಗಳ ಹೊಟ್ಟೆ ಸ್ವಲ್ಪ ಇಳಿದಿತ್ತು, ಬಾಯಿಯ ಹುಣ್ಣು ಮಾಯ್ದಿತ್ತು. ಬಸ್ಸಿನಿಂದಿಳಿದು ಮನೆಯ ತನಕ ಅವಳೇ ನಡೆದು ಬಂದಳು. ದೃಷ್ಟಿ ಹೋಯಿತು ಎಂದಳು ಅವ್ವ. ಹಾಗಲ್ಲ, ಹವಾ ಬದಲಾದದ್ದಕ್ಕೆ ಎಂದೆ ನಾನು. ತಂಗಿಯ ಮನೆಯಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ, ಅನ್ನ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಇಬ್ಬರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮಗಳು ಚೇತರಿಸಿಕೊಂಡಿದ್ದಾಳೆಂಬ ಸಂತೋಷಕ್ಕೆ ಮರುದಿನ ಮನೆಯಲ್ಲಿ ಹುಗ್ಗಿ ಮಾಡಿಸಿದೆ. ಎರಡು ವಾರದಲ್ಲಿ ಹೊಟ್ಟೆ ಮತ್ತೆ ಉಬ್ಬಿತು.

ಆರು ತುಂಬಿದಾಗ ಮಗಳನ್ನು ತೂಗಿದ ಮೇಲೆ ಒಂದು ತಿಂಗಳಿರಬಹುದು, ಪಕ್ಕದ ಹಳ್ಳಿಯಿಂದ ಕರೆ ಬಂತು. ಒಬ್ಬ ವಯಸ್ಸಾದ ಹೆಂಗಸಿನ ಎಮ್ಮೆ ನೆಲ ಹಿಡಿದಿತ್ತು. ಹಿಂದಿನ ದಿನ ಅವರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ. ಉಳಿದ ಗೋಧಿ ಹುಗ್ಗಿಯನ್ನು ಚೆಲ್ಲಲು ಮನಸ್ಸಾಗದೆ, ಹಾಲು ಕರೆಯುವ ಎಮ್ಮೆಯಲ್ಲವೇ ಎಂದು ಎರಡು ಬುಟ್ಟಿ ಅದರ ಮುಂದೆ ಸುರಿದಿದ್ದಳು.

ನಾನು ಎಮ್ಮೆಯ ಎಡ ಪಕ್ಕೆಯ ಹಿಂದಿನ ತಗ್ಗಿಗೆ ಮುಷ್ಟಿ ಒತ್ತಿ ಹಿಡಿದೆ. ಅಲ್ಲಿ ನಿಮಿಷಕ್ಕೆ ಒಂದೆರಡು ಸಲವಾದರೂ ಅಲೆ ಎದ್ದು ಕೈಯನ್ನು ಹೊರಗೆ ತಳ್ಳಬೇಕು. ಐದು ನಿಮಿಷ ಹಿಡಿದರೂ ಏನೂ ಏಳಲಿಲ್ಲ. ಒಳಗೆ ನೀರು ತುಳುಕುವ ಸದ್ದಷ್ಟೇ ಇತ್ತು. ಹಿಂದೆ ಬಿದ್ದದ್ದು ಬೂದು ಹಳದಿ, ತೆಳು, ನೊರೆ, ಹುಳಿ ವಾಸನೆ. ಅದರಲ್ಲಿ ಕುಟ್ಟಿದ ಗೋಧಿ ಹಾಗೆಹಾಗೇ ಇತ್ತು. ದೊಡ್ಡ ಹೊಟ್ಟೆಯ ಜೀವಗಳು ಅಷ್ಟು ಕಾಳು ಬೆಲ್ಲವನ್ನು ಒಮ್ಮೆಲೇ ತಿಂದರೆ ಒಳಗೆಲ್ಲ ಹುಳಿಯಾಗುತ್ತದೆ. ಆ ಹುಳಿ ಮೊದಲು ಅವುಗಳನ್ನೇ ಕೊಲ್ಲುತ್ತದೆ, ಆಮೇಲೆ ಹೊಟ್ಟೆಯ ಒಳಗೋಡೆಯನ್ನು ಸುಡುತ್ತದೆ. ನಳಿಕೆ ಇಳಿಸಿ ಅಡುಗೆ ಸೋಡಾ ಕಲಸಿದ ನೀರು ಹಾಕಿದೆ, ಬಾಟಲಿ ಏರಿಸಿದೆ, ದೊಡ್ಡ ಡಾಕ್ಟರರನ್ನೂ ಕರೆಸಿದೆ. ಮಧ್ಯಾಹ್ನ ಮೂರರ ಸುಮಾರಿಗೆ ಎಮ್ಮೆ ಸತ್ತಿತು.

ಹುಗ್ಗಿಯೇ ಅದಕ್ಕೆ ವಿಷವಾಯಿತು ಎಂದು ನಾನು ಆಕೆಗೆ ಹೇಳಿದೆ. ಸ್ವಲ್ಪ ಗಡುಸಾಗಿಯೇ ಹೇಳಿದೆ. ಆಕೆ ಎಮ್ಮೆಯ ಕಿವಿ ಹಿಡಿದುಕೊಂಡು ಕೂತಿದ್ದಳು. ಮೆಲ್ಲಗೆ ಅಂದಳು, "ನಾವು ಉಣ್ಣಾದೇ ಹಾಕೀನ್ರೀ ಸಾಹೇಬ್ರ. ಕಲ್ಲು ಮಣ್ಣು ಹಾಕಿಲ್ಲ."

ಗಾಡಿ ಹತ್ತಿ ಎರಡು ಮೈಲಿ ಬಂದಿರಬೇಕು. ಆ ಮಾತು ಮತ್ತೆ ಕೇಳಿದಂತಾಯಿತು. ಗಾಡಿ ನಿಲ್ಲಿಸಿದೆ. ಇಳಿದು ಹತ್ತಿ ಹೊಲದ ಬದುವಿಗೆ ಹೋದೆ. ನಾನೂ ಕಲ್ಲು ಮಣ್ಣು ಹಾಕಿರಲಿಲ್ಲ. ನಾವು ಉಣ್ಣುವುದನ್ನೇ ಹಾಕಿದ್ದೆ. ಕಂಡವರ ಎಮ್ಮೆಯ ಸಗಣಿಯನ್ನು ಬೆರಳಿನಿಂದ ಮುಟ್ಟಿ ನೋಡುವ ನಾನು ಸ್ವಂತ ಮಗಳದ್ದನ್ನು ಎರಡೂವರೆ ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ತೊಳೆಯುವುದು ಹೆಂಡತಿಯ ಕೆಲಸ. ಎಷ್ಟು ನೀರು ಸುರಿದರೂ ಹೋಗುವುದಿಲ್ಲ, ಎಣ್ಣೆಯ ಹಾಗೆ ತೇಲುತ್ತದೆ ಎಂದು ಅವಳು ಎರಡು ಸಲ ಹೇಳಿದ್ದಳು. ಒಂದು ಸಲ ನಾನು ಊಟ ಮಾಡುತ್ತಿದ್ದೆ. ಊಟದ ಹೊತ್ತಿನಲ್ಲಿ ಎಂಥ ಮಾತು ಎಂದು ಸಿಡುಕಿದ್ದೆ.

ಮರುದಿನ ಮುಂಜಾನೆ ನೋಡಿದೆ. ಸುಣ್ಣ ಬೆರೆಸಿದಂಥ ಬಣ್ಣ, ಅಂಚಿಗೆ ಜಿಡ್ಡು, ಉಬ್ಬಿ ತೇಲುತ್ತಿತ್ತು. ಹಾಲು, ತುಪ್ಪ, ಎಲ್ಲ ಹಾಕಿದ್ದು ಹಾಕಿದಂತೆ ಹೊರಗೆ ಬರುತ್ತಿತ್ತು. ಇದೊಂದು ಎಮ್ಮೆಯದಾಗಿದ್ದರೆ, ಮೇವಿನಲ್ಲಿ ಏನು ಬದಲಾಯಿಸಿದಿರಿ, ಯಾವಾಗ ಬದಲಾಯಿಸಿದಿರಿ ಎಂದು ನಾನು ಮೊದಲು ಕೇಳುತ್ತಿದ್ದೆ. ಆ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ನಾನೇ ಆಗಿದ್ದೆ.

ಯಾದಗಿರಿಯಲ್ಲಿ ಮಕ್ಕಳ ಡಾಕ್ಟರರಿಗೆ ಎಲ್ಲವನ್ನೂ ದಿನಾಂಕ ಸಹಿತ ಬರೆದುಕೊಂಡು ಹೋಗಿ ಹೇಳಿದೆ. ತಿಂಥಣಿಯ ಹದಿನೈದು ದಿನದ ಸಂಗತಿ ಕೇಳಿ ಅವರು ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆಗೆ ಕಳಿಸಿದರು, ಆಮೇಲೆ ಕಲಬುರಗಿಗೆ ಬರೆದುಕೊಟ್ಟರು. ಅಲ್ಲಿ ಬಾಯಿಯಿಂದ ಸಣ್ಣ ನಳಿಕೆ ಇಳಿಸಿ ಕರುಳಿನ ಚೂರು ತೆಗೆದರು. ನಳಿಕೆಯನ್ನು ನೋಡಿ ಮಗಳು ನನ್ನ ಕಡೆ ತಿರುಗಿದಳು, ಅಳಲಿಲ್ಲ. ಔಷಧಿಗೆ ನಿದ್ದೆ ಹೋಗುವ ತನಕ ನನ್ನನ್ನೇ ನೋಡುತ್ತಿದ್ದಳು.

ಸಣ್ಣ ಕರುಳಿನ ಒಳಗೋಡೆಯಲ್ಲಿ ದಪ್ಪ ಟವೆಲ್ಲಿನ ಮೇಲಿರುವಂಥ ಎಳೆಗಳಿರುತ್ತವೆ. ಅನ್ನ ರಕ್ತಕ್ಕೆ ಸೇರುವುದು ಆ ಎಳೆಗಳ ಮೂಲಕ. ನನ್ನ ಮಗಳ ಕರುಳಿನಲ್ಲಿ ಅವು ಸವೆದು ನುಣ್ಣಗಾಗಿದ್ದವು. ಗೋಧಿಯೊಳಗಿನ ಒಂದು ಅಂಶವನ್ನು ಅವಳ ಮೈ ವೈರಿಯೆಂದು ತಿಳಿದು, ಅದರ ಮೇಲೆ ಯುದ್ಧಕ್ಕೆ ಹೋಗಿ ತನ್ನ ಕರುಳನ್ನೇ ಸುಟ್ಟುಕೊಂಡಿತ್ತು. ಗೋಧಿಯನ್ನು ಜೀವಮಾನವಿಡೀ ಮುಟ್ಟಬಾರದು ಎಂದರು. ಎಳೆಗಳು ಮತ್ತೆ ಬೆಳೆಯುತ್ತವೆ. ಎತ್ತರ ಎಷ್ಟು ತಿರುಗಿ ಬರುತ್ತದೆ ಎಂದು ಕೇಳಿದೆ. ಈಗ ಹೇಳಲಾಗದು ಎಂದರು. ಜೋಳ ತಿನ್ನಬಹುದೇ ಎಂದೆ. ಧಾರಾಳವಾಗಿ ಎಂದರು.

ಅವ್ವನಿಗೆ ಹೇಳಲು ನನಗೆ ಮೂರು ದಿನ ಹಿಡಿಯಿತು. ಹೇಳಿದಾಗ ಅವಳು ನನ್ನನ್ನು ಬೈಯಲಿಲ್ಲ. ತಾನೂ ಹುಗ್ಗಿ ತಿನ್ನಿಸಿದ್ದೆನೆಂದು ಅತ್ತಳು.

ಗೋಧಿ ಬಿಟ್ಟ ಮೇಲೂ ಎರಡು ತಿಂಗಳು ತಕ್ಕಡಿಯ ಮುಳ್ಳು ಸರಿಯಾಗಿ ಮೇಲೇಳಲಿಲ್ಲ. ಒಂದು ದಿನ ಹಿಟ್ಟಿನ ಡಬ್ಬಿ ಹೊತ್ತು ಗಿರಣಿಯಿಂದ ಬಂದ ಅವ್ವ ಅದನ್ನು ಕೆಳಗಿಳಿಸದೆ ಹೊಸ್ತಿಲಲ್ಲೇ ನಿಂತಳು.

"ತಮ್ಮಾ, ನನ್ನಕಿಂತ ಮೊದಲ ಸರದಿ ಗೋಧಿದಿತ್ತು. ಕಲ್ಲಿನಾಗಿನ ಹಿಟ್ಟು ಎಲ್ಲಿ ಹೋಗ್ತದ? ನಮ್ಮದರಾಗೇ ಬರ್ತದಲ್ಲ."

ಗಿರಣಿಯ ಬಾಯಿಯಲ್ಲಿ ಉಳಿದ ಹಿಂದಿನವರ ಹಿಟ್ಟು ಮುಂದಿನವರ ಡಬ್ಬಿಗೆ ಬೀಳುತ್ತದೆಂಬುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅದರ ಮೇಲೆ ಹೆಂಗಸರು ದಿನಾ ಜಗಳವಾಡುತ್ತಾರೆ. ಅಷ್ಟು ಹಿಟ್ಟು ಒಂದು ಮಗುವನ್ನು ಕೆಡಿಸಬಲ್ಲದೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅವತ್ತೇ ಹಿತ್ತಲಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ಒಳಗೆ ತಂದೆವು. ಅವ್ವನ ಮೊಳಕಾಲು ಕೂರಲು ಬಿಡುವುದಿಲ್ಲ, ಹಾಗಾಗಿ ಬೀಸುವವನು ನಾನು. ಒಂದು ಕಿಲೋಗೆ ಮುಕ್ಕಾಲು ತಾಸು ಬೇಕು.

ಈಗ ಮುಳ್ಳು ಹದಿನಾಲ್ಕು ದಾಟಿದೆ. ಅವಳ ತರಗತಿಯಲ್ಲಿ ಈಗಲೂ ಅವಳೇ ಎಲ್ಲರಿಗಿಂತ ಗಿಡ್ಡ. ಮದುವೆ ಮನೆಗೆ ಹೋದರೆ ಅವಳಿಗೆ ಬೇರೆ ಬುತ್ತಿ. ಯಾರಾದರೂ ಪ್ರೀತಿಯಿಂದ ಹೋಳಿಗೆ ಮುರಿದು ಕೈಗಿಡಲು ಬಂದರೆ ನಾನು ಎದ್ದು ಅತ್ತ ಧಾವಿಸುತ್ತೇನೆ. ಅಷ್ಟರಲ್ಲಿ ಅವಳೇ ಕೈ ಹಿಂದಕ್ಕೆ ಕಟ್ಟಿಕೊಂಡು, ನನಗ ಗೋಧಿ ಹತ್ತಂಗಿಲ್ರಿ, ಅನ್ನುತ್ತಾಳೆ. ದೊಡ್ಡವರ ಮಾತಿನ ಹಾಗೆ.

ದಿನಾ ಮುಂಜಾನೆ ಮಗಳದ್ದನ್ನು ನಾನು ನೋಡಿದ ಮೇಲೆಯೇ ನೀರು ಹಾಕಬೇಕೆಂದು ಮನೆಯಲ್ಲಿ ಕಟ್ಟು ಮಾಡಿದ್ದೇನೆ. ಮೊದಮೊದಲು ಅವಳು ನಾಚುತ್ತಿದ್ದಳು. ಮೊನ್ನೆ ನಾನು ಬೀಸುವ ಕಲ್ಲಿನ ಮುಂದೆ ಕೂತಿದ್ದಾಗ ಹಿತ್ತಲಿಂದ ಕೂಗಿದಳು, "ಅಪ್ಪಾ, ನಿನ್ನ ಎಮ್ಮಿ ಕರಿಯಾಕತ್ತದ, ಬಂದ್ ನೋಡು." ಅವ್ವ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ನಾನು ಕೈಯ ಹಿಟ್ಟು ಕೊಡವಿಕೊಂಡು ನೋಡಲು ಹೋದೆ.