ಅಣ್ಣನ ಮೂಗು ಮತ್ತು ಏಳನೇ ಕ್ಲಾಸಿನ ಲೆಕ್ಕ

ನಾಲ್ಕನೇ ಕ್ಲಾಸಿನಲ್ಲಿ ನನ್ನಷ್ಟು ತಲೆಹರಟೆ ಇನ್ನೊಬ್ಬಳಿರಲಿಲ್ಲ. ಲೆಕ್ಕ ಬೇಗ ಮುಗಿದುಬಿಡುತ್ತಿತ್ತು, ಆಮೇಲೆ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದವಳ ಎರಡೂ ಜಡೆಗಳನ್ನು ಕಿಟಕಿಯ ಸರಳಿಗೆ ಕಟ್ಟಿದ ದಿನ ಲೆಕ್ಕದ ಮೇಷ್ಟ್ರು ಬೈಯಲಿಲ್ಲ. "ಇವಳಿಗೆ ಕೆಲಸ ಸಾಲದು" ಎಂದವರೇ, ಲೆಕ್ಕದ ಪಿರಿಯಡ್ಡಿಗೆ ಮಾತ್ರ ಏಳನೇ ಕ್ಲಾಸಿಗೆ ಒಯ್ದು ಕೂರಿಸಿದರು. ತೊಂಬತ್ತರ ದಶಕದಲ್ಲಿ, ಹರವೆ ಹೋಬಳಿಯ ನಮ್ಮ ಶಾಲೆಯಲ್ಲಿ, ಜಾಣರಿಗಿದ್ದ ವಿಶೇಷ ಏರ್ಪಾಡು ಅಷ್ಟೇ.

ನನಗೆ ಅದೇ ಸ್ವರ್ಗ. ಭಿನ್ನರಾಶಿ, ಶೇಕಡಾ, ಎರಡು ನಲ್ಲಿಯಿಂದ ತೊಟ್ಟಿ ತುಂಬುವ ಲೆಕ್ಕ!

ತೊಂದರೆ ಒಂದೇ. ಉತ್ತರ ಹೇಳಿದವರು, ಹೇಳದವರ ಮೂಗು ಹಿಡಿದು ಕೆನ್ನೆಗೊಂದು ಬಾರಿಸಬೇಕು. ಅದು ಆ ಕ್ಲಾಸಿನ ಪದ್ಧತಿ. ಮೀಸೆ ಚಿಗುರುತ್ತಿದ್ದ ಹುಡುಗರ ಮೂಗು ಎಟುಕದೆ ನಾನು ಬೆಂಚು ಹತ್ತುತ್ತಿದ್ದೆ. ಸುಳ್ಳೇಕೆ, ಖುಷಿಯಾಗುತ್ತಿತ್ತು. ಆದರೆ ಕೊನೆಯ ಬೆಂಚಿನಲ್ಲಿ ನನ್ನ ಅಣ್ಣ ಕೂರುತ್ತಿದ್ದ. ದಿನವೂ ಮೂರು ಮೈಲಿ ನನ್ನನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಬರುತ್ತಿದ್ದವನೂ ಅವನೇ. ಒಂದು ದಿನ ಅವನ ಕೆನ್ನೆಗೂ ನನ್ನ ಕೈಯಿಂದಲೇ ಬಿತ್ತು. ಸಂಜೆ ಅವನು ಆಡಿದ್ದು ಒಂದೇ ಮಾತು.

"ಇನ್ನೊಂದ್ ಸಲ ಉತ್ರ ಯೋಳ್ಬುಟ್ರೆ ನಡ್ಕಂಡೇ ಬರ್ಬೇಕು ಕಣಮ್ಮಿ."

ಮರುದಿನದಿಂದ ನನ್ನ ಬಾಯಿಗೆ ಬೀಗ. ಗೊತ್ತಿರುವ ಉತ್ತರವನ್ನು ನುಂಗಿಕೊಳ್ಳುವುದು ಹೊಟ್ಟೆನೋವಿಗಿಂತ ಕಷ್ಟ. ವಾರ ನೋಡಿದ ಮೇಷ್ಟ್ರು, "ಭಾರ ಜಾಸ್ತಿಯಾಯ್ತೇನೋ. ಸೋಮವಾರದಿಂದ ನಿನ್ನ ಕ್ಲಾಸಲ್ಲೇ ಕೂತ್ಕೊಳಮ್ಮ" ಎಂದರು. ನಾನು ಗೊಳೋ ಎಂದು ಅತ್ತೆ. ಅಳುತ್ತಲೇ ಬೋರ್ಡಿನ ಮೇಲಿದ್ದ ತೊಟ್ಟಿಯ ಲೆಕ್ಕಕ್ಕೆ ಉತ್ತರ ಹೇಳಿದೆ, ಸೈಕಲ್ಲಿನ ವಿಷಯವನ್ನೂ ಬಾಯಿಬಿಟ್ಟೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಸೋಮವಾರ ಪದ್ಧತಿ ಬದಲಾಯಿತು. ಮೂಗು ಮುಟ್ಟುವಂತಿಲ್ಲ, ಗೊತ್ತಿದ್ದವರು ಗೊತ್ತಿಲ್ಲದವರ ಪಕ್ಕ ಕೂತು ಹೇಳಿಕೊಡಬೇಕು. ನನ್ನ ಪಾಲಿಗೆ ಅಣ್ಣನೇ ಬಂದ. ಕ್ಲಾಸಿನಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದ. ಸಂಜೆ ಏರಿನಲ್ಲಿ ಸೈಕಲ್ ತಳ್ಳುವಾಗ ಮಾತ್ರ ಹಿಂದೆ ಮುಂದೆ ನೋಡಿ, "ಆ ತೊಟ್ಟಿದು ಇನ್ನೊಂದ್ ಸಲ ಯೋಳು" ಎನ್ನುತ್ತಿದ್ದ. ನಾನು ಸೀಟಿನ ಮೇಲೆ ಮಹಾರಾಣಿಯಂತೆ ಕೂತು ಪಾಠ ಮಾಡುತ್ತಿದ್ದೆ.

ತಿಂಗಳು ಕಳೆದಿರಬೇಕು. ಒಂದು ದಿನ ಕ್ಲಾಸಿನಲ್ಲಿ ಅಣ್ಣನೇ ಮೊದಲು ಕೈ ಎತ್ತಿ ಸರಿಯುತ್ತರ ಹೇಳಿದ. ನನಗೂ ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ. ಅವನ ಮುಖ ನೋಡಿ ನನಗೇ ಹೆಮ್ಮೆಯಾಯಿತು.

ಸಂಜೆ ಏರಿನಲ್ಲಿ ಅವನು ಸೈಕಲ್ ನಿಲ್ಲಿಸಿ ನನ್ನ ಮೂಗು ಹಿಡಿದ.

"ಗೊತ್ತಿದ್ದೂ ಸುಮ್ಕಿದ್ದೆ ತಾನೇ? ಇನ್ನೊಂದ್ ಸಲ ಉತ್ರ ಯೋಳ್ದೆ ಇದ್ರೆ ನಡ್ಕಂಡೇ ಬರ್ಬೇಕು ಕಣಮ್ಮಿ."