ದಾರದಲ್ಲಿ ಎರಡು ಕರಡಿ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ಹದಿನೆಂಟು ವರ್ಷ ದುಡಿದೆ. ಹರಿದ ಎಳೆ ಕಂಡರೆ ಮಗ್ಗ ನಿಲ್ಲಿಸಿ, ಎರಡು ಬೆರಳಲ್ಲಿ ಗಂಟು ಹಾಕಿ ಮತ್ತೆ ಓಡಿಸುವುದಕ್ಕೆ ಉಸಿರು ಎಳೆದು ಬಿಡುವಷ್ಟು ಹೊತ್ತೂ ನನಗೆ ಬೇಕಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ ಅನ್ನಿ. ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ ಆ ಬೆರಳುಗಳಿಗೆ ಕೆಲಸವೇ ಇಲ್ಲದಾಯಿತು.

ನನ್ನ ಹೆಂಡತಿ ನರ್ಸು. ಎರಡು ಸಾವಿರ ಇಸವಿ ದಾಟಿದ ಹೊಸದರಲ್ಲಿ ಇಲ್ಲಿಯವರು ನಮ್ಮ ಕಡೆಯ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದರು. ಅವಳ ವೀಸಾದ ಹಿಂದೆಯೇ ನಾನೂ ಬಂದೆ. ಕೂತು ತಿನ್ನುವ ಜಾಯಮಾನ ನನ್ನದಲ್ಲ. ತಿಂಗಳು ತುಂಬುವುದರೊಳಗೆ ಇನ್ನೊಂದು ಆಸ್ಪತ್ರೆಯಲ್ಲಿ ಪೋರ್ಟರ್ ಆದೆ. ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಅಲ್ಲಿಂದ ಇಲ್ಲಿಗೆ ತಳ್ಳುವ ಕೆಲಸ. ಅವಳ ಪಾಳಿ ರಾತ್ರಿಯದು, ನನ್ನದು ಹಗಲಿನದು. ಹಾರ್ಬೋರ್ನಿನ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಮಾತಾಡುತ್ತಿದ್ದುದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ. ‘ಸಾರು ಬಿಸಿ ಮಾಡ್ಕೊಳ್ಳಿ.’ ‘ಬಾಯ್ಲರ್‌ನವನು ಬಂದು ಹೋದ.’ ಆಸ್ಪತ್ರೆಯಲ್ಲಿ ನನ್ನ ಇಂಗ್ಲಿಷಿಗೆ ಎಲ್ಲರೂ ‘ಪಾರ್ಡನ್?’ ಅನ್ನುವವರೇ. ಎರಡು ಸಲ ಅನ್ನಿಸಿಕೊಂಡ ಮೇಲೆ, ಬಾಯಿ ಮುಚ್ಚಿಕೊಂಡು ತಳ್ಳುವುದೇ ಮರ್ಯಾದೆ ಎಂದು ತೀರ್ಮಾನಿಸಿದೆ. ಕೆಲವು ದಿನ ಸಂಜೆ ಮನೆಗೆ ಬಂದು ಗಂಟಲು ಕೆಮ್ಮಿ ನೋಡಿಕೊಳ್ಳುತ್ತಿದ್ದೆ, ದನಿ ಇದೆಯೋ ಇಲ್ಲವೋ ಅಂತ.

ಆ ನವೆಂಬರಿನಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿ ನನ್ನ ಪಾಲಿಗೆ ಬಂದರು. ಸ್ಟ್ರೋಕ್ ಆಗಿ ಅವರ ಎಡಗೈ ಬಿದ್ದುಹೋಗಿತ್ತು. ದಿನಾ ಬೆಳಿಗ್ಗೆ ವಾರ್ಡಿನಿಂದ ಫಿಸಿಯೋಗೆ ತಳ್ಳಿಕೊಂಡು ಹೋಗಿ, ಒಳಗೆ ಕರೆಯುವವರೆಗೆ ಕಿಟಕಿ ಪಕ್ಕ ಹತ್ತು ನಿಮಿಷ ಜೊತೆಗಿರಬೇಕು. ಅವರ ಮಡಿಲಲ್ಲಿ ಸದಾ ಒಂದು ಬಳೆಯಾಗಿ ಕಟ್ಟಿದ ಶೂ ಲೇಸು. ಬಲಗೈ ಬೆರಳಿಗೆ ಅದನ್ನು ಸುತ್ತುವರು, ಬಿಚ್ಚುವರು. ಅದರ ಗಂಟು ಕಡಲೆಕಾಳಿನಷ್ಟು ದಪ್ಪ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

“ಮೇಡಂ, ಕೊಡಿ ಇಲ್ಲಿ.”

ಬಿಚ್ಚಿ, ತುದಿ ಕತ್ತರಿಸಿ, ನೇಕಾರರ ಗಂಟು ಹಾಕಿ ಕೊಟ್ಟೆ. ಅವರು ಲೇಸನ್ನು ಬೆರಳಲ್ಲಿ ಜಾರಿಸುತ್ತಾ ಗಂಟು ಹುಡುಕಿದರು. “ಮೇಡಂ ಅನ್ನಬೇಡ. ನಾನೇನು ನಿನ್ನ ಸ್ಕೂಲ್ ಟೀಚರಾ?”

“ಸ್ಕೂಲು ಏಳಕ್ಕೇ ಬಿಟ್ಟೆ, ಮೇಡಂ.”

ಅವರು ನಕ್ಕರು. ಪಾರ್ಡನ್ ಅನ್ನಲಿಲ್ಲ.

ಅವರೂ ಹಿಂದೆ ನರ್ಸು. ಚಿಕ್ಕ ವಯಸ್ಸಿನಲ್ಲಿ ಕೆನಡಾದ ಉತ್ತರದ ತುದಿಯಲ್ಲಿ ಕೆಲಸ ಮಾಡಿದ್ದರಂತೆ. ಅಲ್ಲಿನ ಹೆಂಗಸರು ದಾರದಲ್ಲಿ ಚಿತ್ರ ಮಾಡುವುದನ್ನು ಕಲಿಸಿದ್ದರಂತೆ. “ಎಸ್ಕಿಮೋಗಳಾ?” ಅಂದೆ. “ಇನ್ಯೂಯಿಟ್ ಅನ್ನು. ಎಸ್ಕಿಮೋ ಅಂತ ಬೇರೆಯವರು ಇಟ್ಟ ಹೆಸರು,” ಎಂದು ತಿದ್ದಿದರು. ಸೀಲ್ ಚರ್ಮದ ದಾರವೋ, ಪ್ರಾಣಿಯ ನರ ಹೊಸೆದದ್ದೋ, ಇಂಥದೇ ಒಂದು ಬಳೆ. ಅದರಲ್ಲಿ ಜಿಂಕೆ, ನರಿ, ದೋಣಿ, ಬೆಟ್ಟ. “ಈಗ ನನಗೆ ಒಂದೇ ಕೈ. ಒಂದೇ ಕೈಯಲ್ಲಿ ಏನು ಬರುತ್ತೆ, ಲವ್?” ಇಲ್ಲಿಯ ಅಜ್ಜಿಯರು ಎಲ್ಲರನ್ನೂ ಕರೆಯುವುದು ಹಾಗೇ, ನಮ್ಮಲ್ಲಿ ‘ಮಗಾ’ ಅಂದ ಹಾಗೆ.

ಗಾಲಿಕುರ್ಚಿಯ ಎಡಕ್ಕೆ ಮಂಡಿಯೂರಿ, ಅವರ ಎಡಗೈ ಇರಬೇಕಾದ ಜಾಗಕ್ಕೆ ನನ್ನ ಎಡಗೈ ಚಾಚಿದೆ.

ಹೀಗೆ ಶುರು. ದಾರ ಹೆಬ್ಬೆರಳ ಹಿಂದೆ, ಅಂಗೈ ಮೇಲೆ, ಕಿರುಬೆರಳ ಹಿಂದೆ. ಎರಡು ಕಡೆಯೂ ಹಾಗೇ. ಅವರ ತೋರುಬೆರಳು ನನ್ನ ಅಂಗೈ ಮೇಲಿನ ಎಳೆಯನ್ನು ಎತ್ತಿಕೊಂಡು ಹಿಂದೆ ಸರಿಯಬೇಕು. ಆಮೇಲೆ ನನ್ನ ತೋರುಬೆರಳು ಅವರ ಕುಣಿಕೆಯೊಳಗಿಂದ ಹೋಗಿ ಅವರ ಅಂಗೈಯ ಎಳೆ ತರಬೇಕು. ಎಳೆದರೆ ನಡುವೆ ಎರಡು ಕಡೆ ಎಳೆಗಳು ಕತ್ತರಿಯಂತೆ ಅಡ್ಡ ಹಾಯುತ್ತವೆ. ಎಲ್ಲ ಚಿತ್ರಗಳಿಗೂ ಬಾಗಿಲು ಇದೇ. ಅಲ್ಲಿಂದ ಮುಂದೆ ಯಾವ ಬೆರಳು ಬಿಡುತ್ತದೆ, ಯಾವುದು ಕೆಳಗಿಂದ ನುಸುಳುತ್ತದೆ ಅನ್ನುವುದರ ಮೇಲೆ ಎಲ್ಲ. “ನಿಧಾನ. ನೀನು ನಿನ್ನ ಕೈಯಲ್ಲ, ನನ್ನ ಕೈ,” ಎಂದು ಗದರುವರು. ಕ್ರಿಸ್‌ಮಸ್ ಹೊತ್ತಿಗೆ ಕರಡಿ ಬಂತು. ಅವರ ಕಡೆ ಒಂದು, ನನ್ನ ಕಡೆ ಒಂದು, ಎರಡಕ್ಕೂ ಒಂದೊಂದು ಗುಹೆ. ಅದು ನಿಂತಿರುವಷ್ಟು ಹೊತ್ತು ಇಬ್ಬರೂ ಉಸಿರು ಬಿಡುತ್ತಿರಲಿಲ್ಲ.

“ಸೂರ್ಯ ಇಳಿಯುವ ಕಾಲದ ಆಟ ಇದು,” ಅಂದಿದ್ದರು. “ಅಲ್ಲಿ ಚಳಿಗಾಲದಲ್ಲಿ ಅವನು ಮುಳುಗಿದರೆ ವಾರಗಟ್ಟಲೆ ಮೇಲೇಳುವುದೇ ಇಲ್ಲ. ದಾರದಲ್ಲಿ ಅವನ ಕಾಲು ಸಿಕ್ಕಿಕೊಂಡು ನಿಲ್ಲಲಿ ಅಂತ. ವಾಪಸು ಬಂದ ಮೇಲೆ ಎತ್ತಿಟ್ಟುಬಿಡಬೇಕು.”

ದಿನದ ಆ ಹತ್ತು ನಿಮಿಷಕ್ಕೆ ನಾನು ಎದ್ದು ಶೇವ್ ಮಾಡಿಕೊಳ್ಳತೊಡಗಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಯಾವ ಕೆಲಸವನ್ನೂ ಅರ್ಧ ಕಲಿತು ಗೊತ್ತಿಲ್ಲ ನನಗೆ. ಸಂಜೆ ಅಡುಗೆಮನೆಯಲ್ಲಿ ಪ್ಯಾಕೆಟ್ ಕಟ್ಟುವ ದಾರ ಹಿಡಿದು ಕೂತೆ. ಅವರ ಬಲಗೈ ಮಾಡುತ್ತಿದ್ದುದನ್ನೆಲ್ಲ ನೆನಪಿಸಿಕೊಂಡು ನನ್ನ ಬಲಗೈಗೆ ಕಲಿಸಿದೆ. ಎರಡು ವಾರ ಹಿಡಿಯಿತು. ಜನವರಿಯ ಒಂದು ಬೆಳಿಗ್ಗೆ ಕಿಟಕಿ ಪಕ್ಕ ನಿಂತು, “ನೋಡಿ ಮೇಡಂ!” ಎಂದು ಒಬ್ಬನೇ ಎರಡೂ ಕರಡಿಗಳನ್ನು ಎತ್ತಿ ತೋರಿಸಿದೆ. ಮಗ್ಗದ ವೇಗ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ.

“ಚೆನ್ನಾಗಿದೆ, ಲವ್,” ಅಂದರು. ಆಮೇಲೆ ಕಾರ್ ಪಾರ್ಕ್ ನೋಡುತ್ತಾ ಕೂತರು.

ಮರುದಿನ ಮಡಿಲಲ್ಲಿ ಲೇಸು ಇರಲಿಲ್ಲ. “ಅಲ್ಲಿ ಸೂರ್ಯ ಬಂದಿರುತ್ತಾನೆ ಈಗ,” ಅಂದರು, ಅಷ್ಟೇ. ನಿಜವಾಗಿ ದಿನ ಎಣಿಸಿದ್ದರೋ, ನನ್ನ ಬಲಗೈ ನೋಡಿ ಎತ್ತಿಟ್ಟರೋ, ಇವತ್ತಿಗೂ ಗೊತ್ತಿಲ್ಲ. ನಾಲ್ಕು ದಿನ ಆ ಹತ್ತು ನಿಮಿಷ ನಾವಿಬ್ಬರೂ ಗೋಡೆ ಗಡಿಯಾರ ನೋಡಿಕೊಂಡು ಕಳೆದೆವು. ಬಿದ್ದುಹೋದ ಕೈಯವರ ಮುಂದೆ ಎರಡು ಕೈ ಎತ್ತಿ ಕುಣಿದೆನಲ್ಲ ಎಂದು ನನಗೆ ಹೊಳೆದದ್ದು ಐದನೇ ದಿನ, ಬಸ್ಸಿನಲ್ಲಿ.

ಕ್ಷಮೆ ಕೇಳಿ ಅಭ್ಯಾಸವಿಲ್ಲ ನನಗೆ. ಮಗ್ಗದ ಸಾಹುಕಾರರ ಮುಂದೂ ಕೇಳಿದವನಲ್ಲ. ಅವತ್ತು ಕುರ್ಚಿ ನಿಲ್ಲಿಸಿ, ಬಲಗೈಯನ್ನು ಜೇಬಿಗೆ ತುರುಕಿ, ಎಡಗೈ ಮಾತ್ರ ಚಾಚಿದೆ.

“ಆ ಕೈಗೇನಾಯ್ತು?”

“ಅದಕ್ಕೆ ಇವತ್ತು ರಜೆ.”

ಅವರು ನನ್ನನ್ನೇ ನೋಡಿದರು. “ಸೂರ್ಯ ಸಿಕ್ಕಿಕೊಂಡುಬಿಟ್ಟರೆ?”

“ಇದು ಬರ್ಮಿಂಗ್‌ಹ್ಯಾಮು, ಮೇಡಂ. ನಾನು ಅವನನ್ನು ನೋಡಿ ಎರಡು ತಿಂಗಳಾಯ್ತು.”

ಕಾರ್ಡಿಗನ್ ಜೇಬಿನಿಂದ ಲೇಸು ಹೊರಗೆ ಬಂತು. ಅವತ್ತು ಬೇಕೆಂದೇ ನಿಧಾನ ಮಾಡಿದೆ. ಒಳಗಿನಿಂದ ಅವರ ಹೆಸರು ಕೂಗಿದರೂ ಇಬ್ಬರೂ ಕರಡಿಗಳನ್ನು ಹಿಡಿದುಕೊಂಡೇ ಇದ್ದೆವು.

ಸೋಮವಾರ ಹೋದಾಗ ಆ ಹಾಸಿಗೆಯಲ್ಲಿ ಬೇರೊಬ್ಬರು. ಲೀಡ್ಸಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದರಂತೆ. ಲೇಸು ಬಿಟ್ಟುಹೋಗಿರಲಿಲ್ಲ, ಡ್ರಾಯರ್ ತೆಗೆದು ನೋಡಿದೆ. ನನ್ನ ಗಂಟು ಅವರ ಜೊತೆ ಹೋಯಿತಲ್ಲ ಅಂತ ಒಂದು ಸಮಾಧಾನ.

ಅವತ್ತು ಸಂಜೆ ದಾರ ಹಿಡಿದು ಕೂತೆ. ಕರಡಿಗಳು ತಕ್ಷಣ ಬಂದವು. ಬಿಚ್ಚಿಟ್ಟು, ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದೆ: ‘ಭಾನುವಾರ ನಿನ್ನ ಬಲಗೈ ಹತ್ತು ನಿಮಿಷ ಬೇಕು.’

ಬೆಳಿಗ್ಗೆ ಅದರ ಕೆಳಗೆ ಅವಳ ಅಕ್ಷರ: ‘ಯಾಕ್ರೀ? ಭಾನುವಾರ ಡ್ಯೂಟಿ ಇದೆ.’

ಒಳಗೆ ಅವಳು ಯೂನಿಫಾರ್ಮಿನಲ್ಲೇ ಮಲಗಿಬಿಟ್ಟಿದ್ದಳು. ಎಬ್ಬಿಸಲಿಲ್ಲ. ‘ಮುಂದಿನ ಭಾನುವಾರ?’ ಎಂದು ಬರೆದು ಕೆಲಸಕ್ಕೆ ಹೊರಟೆ.