ಆಯಿಯ ಮಾಳಿಗೆ

ಮೊಣಕೈವರೆಗೂ ಒಣಗಿ ಬಿರಿದ ಹಿಟ್ಟು, ಬೆರಳ ಸಂದಿಯಲ್ಲಿ ಸಿಕ್ಕಿಬಿದ್ದ ಜೀರಿಗೆ ಕಾಳು. ಬೇಸಿಗೆ ಪೂರ್ತಿ ಆಯಿಯ ಕೈ ಹೀಗೇ ಇರುತ್ತಿತ್ತು. ಸಂಬಂಧಿಯಲ್ಲ, ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಪಕ್ಕದ ಮನೆಯಾಕೆ, ಒಬ್ಬಳೇ ಇದ್ದಳು. ದಿನವಿಡೀ ಬಿಸಿಲು ಬೀಳುವ ಮಾಳಿಗೆ ಓಣಿಯಲ್ಲಿ ಅವಳದೊಂದೇ. ಇಂದು ಒಂದು ಮನೆಯ ಹಪ್ಪಳ, ನಾಳೆ ಇನ್ನೊಂದರದು. ಕೈ ಮಾತ್ರ ಎಲ್ಲರದೂ. ಆಯಿಗೆ ವರ್ಷಕ್ಕೆ ಸಾಲುವಷ್ಟು ಮಾತು ಸಿಗುತ್ತಿದ್ದದ್ದು ಆ ದಿನಗಳಲ್ಲೇ.

ಹುಮನಾಬಾದಿನ ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ನಾನು ತಯಾರಾದದ್ದೂ ಅಲ್ಲೇ. ನನ್ನ ವಾದ ಕೇಳಿ, ಲಟ್ಟಣಿಗೆ ನಿಲ್ಲಿಸದೆ ಅನ್ನುವಳು: "ನಾ ಒಪ್ಪಂಗಿಲ್ಲ. ಮುಂದ ಹೇಳು." ಒಪ್ಪಿದಾಗಲೂ ಅದೇ ಮಾತು. ನನ್ನ ಅರ್ಧ ವಾದಗಳು ಆ ಮಾತಿಗೆ ಹೆದರಿಯೇ ಗಟ್ಟಿಯಾದವು.

ಓಣಿಯಲ್ಲಿ ಫೋನು ಹತ್ತುತ್ತಿರಲಿಲ್ಲ. ಟವರ್ ಬೇಕೆಂದು ನಗರಸಭೆಯಲ್ಲಿ ಕೂಗಾಡಿ ಬಂದವರು ನಮ್ಮ ಜನವೇ. ಕಂಪನಿಯವರು ಜಾಗ ಕೇಳಲು ಬಂದಾಗ ಮಾತ್ರ ಒಬ್ಬೊಬ್ಬರ ಮಾಳಿಗೆಯೂ ಇದ್ದಕ್ಕಿದ್ದಂತೆ ಸೋರತೊಡಗಿತು.

"ನಮ್ಮ ಮ್ಯಾಲ ಹಾಕ್ರಿ" ಎಂದಳು ಆಯಿ. "ಒಂದ್ ಮೂಲ್ಯಾಗ. ಹಪ್ಪಳಕ್ಕ ಜಾಗಾ ಉಳೀಲಿ, ಅಷ್ಟ."

ಕಬ್ಬಿಣ ಎದ್ದು ನಿಂತದ್ದೇ ತಡ, ಓಣಿಗೆ ಅಂಜಿಕೆ ಹತ್ತಿತು. ಗುಬ್ಬಿ ಸಾಯುತ್ತವಂತೆ, ಬಸುರಿಯರಿಗೆ ಆಗಿಬರುವುದಿಲ್ಲವಂತೆ. ಎದುರುಮನೆಯ ಕಾಕು ಆಯಿಯ ಬಾಗಿಲಿಗೇ ಬಂದಳು.

"ಇದು ನಿಂತಾಗಿಂದ ನನ್ನ ಸೊಸಿಗಿ ತಲಿನೋವು ಹತ್ಯದ!"

"ಅದಕ್ಕಿನ್ನಾ ಕರೆಂಟೇ ಕೊಟ್ಟಿಲ್ರಿ, ಕಾಕು" ಎಂದೆ.

ನೆರೆದವರೆಲ್ಲ ನಕ್ಕರು, ಕಾಕುವಿನ ಗಂಡನೂ. "ನಿನ್ನ ಭಾಷಣ ಹುಮನಾಬಾದದಾಗ ಇಟ್ಕೊ" ಎಂದು ಆಕೆ ಹೊರಟುಹೋದಳು. ಒಬ್ಬರ ತರ್ಕವೂ ನನ್ನೆದುರು ನಿಲ್ಲಲಿಲ್ಲ. ಇವತ್ತಿಗೂ ನಿಲ್ಲುವುದಿಲ್ಲ.

ಆದರೆ ಆ ಬೇಸಿಗೆ ಮಾಳಿಗೆಗೆ ಯಾರೂ ಹತ್ತಲಿಲ್ಲ. ಕೆಲವರು ಅಂಗಳದಲ್ಲಿ ಹೊರಸು ಹಾಕಿ ಹಪ್ಪಳ ಒಣಗಿಸಿದರು, ಉಳಿದವರು ಅಂಗಡಿಯಿಂದ ತಂದರು. ನಾನು ಮೇಲೆ ಹೋದಾಗ ಆಯಿ ಹಳೆಯ ಸೀರೆ ಹಾಸಿ, ಎಲ್ಲರ ಪಾಲಿನ ಲಟ್ಟಣಿಗೆಗಳನ್ನೂ ತೊಳೆದು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಟವರಿನ ನೆರಳು ಹಪ್ಪಳಗಳ ಮೇಲೆ ಅಡ್ಡಡ್ಡ ಗೆರೆ ಎಳೆದಿತ್ತು.

"ಅವ್ರ ಮಾತಿನ್ಯಾಗ ಹುರುಳಿಲ್ಲ, ಆಯಿ."

"ನೀ ಗೆದ್ದಿ, ತಂಗಿ" ಎಂದಳು. "ಖರೆ, ಲಟ್ಟಸಾಕ ಒಂದ್ ಕೈ ಬರ್ಲಿಲ್ಲ ನೋಡು."

ಮುಂದಿನ ಬೇಸಿಗೆಯೂ ಹಾಗೇ ಹೋಯಿತು. ಈ ವರ್ಷ ಹಪ್ಪಳದ ದಿನಗಳಿಗೂ ಮುಂಚೆಯೇ ಆಯಿ ತೀರಿಕೊಂಡಳು.

ಓಣಿಯ ಜನರೆಲ್ಲ ಅವಳ ಮನೆ ಮುಂದೆ ನಿಂತು ಫೋನು ಮಾಡುತ್ತಿದ್ದರು. ಹುಮನಾಬಾದಿನಲ್ಲಿರುವ ಆಯಿಯ ಒಡಹುಟ್ಟಿದ ತಂಗಿಗೆ ಸುದ್ದಿ ಹೇಳಿದ್ದು ಎದುರುಮನೆಯ ಕಾಕುವೇ. "ಆಯಿ ಹೋದ್ರು... ಕೇಳಸಾಕತ್ತದೇನ್ರಿ?" ನೆತ್ತಿಯ ಮೇಲೇ ಟವರ್, ಒಂದಕ್ಷರವೂ ಕಡಿಯದೆ ಕೇಳಿಸಿತು. ಆ ಕಡೆಯ ಅಳು ನನಗೂ ಕೇಳಿಸುವಷ್ಟು.

ಕಾಕುವಿಗೆ ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಮಾಳಿಗೆಯ ಕಡೆ ನೋಡಿದೆ. "ನಾ ಒಪ್ಪಂಗಿಲ್ಲ, ಮುಂದ ಹೇಳು" ಅನ್ನುವವರು ಅಲ್ಲಿ ಇರಲಿಲ್ಲ. ಹೇಳಲಿಲ್ಲ.